ಸಾಮಾನು ಸ್ಟೋರೇಜ್‌ಗೆ ಹಾಕುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಪೈಪ್ ಬದಲಿಸುವ ಕೆಲಸಕ್ಕೆ ಮನೆ ಖಾಲಿ ಮಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಮಳೆಗಾಲ ಅಲ್ವಾ, ಒಳಗೆ ಹೋಗುವ ಯಾವ ಸಾಮಾನಿನಲ್ಲೂ ಹಸಿ ಇರಬಾರದು. ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ, ಐಸೆಲ್ಲ ಕರಗಲಿ. ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ನೀರು ನಿಂತಿರುತ್ತದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಒರೆಸಿ, ಬೂಷ್ಟು ಶುರುವಾಗುವುದೇ ಅಲ್ಲಿಂದ. ಫ್ರಿಜ್ ನಿಲ್ಲಿಸಿಯೇ ಇಡಿಸಿ. ಬಾಗಿಲ ಸಂದಿಗೆ ಬಟ್ಟೆ ಸಿಕ್ಕಿಸಿದರೆ ಗಾಳಿ ಆಡುತ್ತದೆ. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಆದರೆ ಕೆಳಗಿನ ಫಿಲ್ಟರ್ ಬಿಚ್ಚಿ ನೀರು ಬಸಿಯಿರಿ. ಸಾಗಿಸುವಾಗ ಡ್ರಮ್ ಅಲುಗದಂತೆ ಹಿಂಭಾಗಕ್ಕೆ ಹಾಕುವ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಈಗಲೇ ಹುಡುಕಿಟ್ಟುಕೊಳ್ಳಿ.

ರೇಷ್ಮೆ ಸೀರೆಗೆ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಹಳೆಯ ಕಾಟನ್ ಪಂಚೆಯಲ್ಲಿ ಸುತ್ತಿ. ನುಸಿ ಗುಳಿಗೆ ಜರಿಗೆ ತಾಗದಿರಲಿ.

ಪುಸ್ತಕ ಚಿಕ್ಕ ಡಬ್ಬಗಳಿಗೆ ಹಾಕಿ. ದೊಡ್ಡದರಲ್ಲಿ ತುಂಬಿದರೆ ತಳವೇ ಕಿತ್ತು ಬರುತ್ತದೆ. ಅಕ್ಕಿ, ಬೇಳೆ, ಹಿಟ್ಟು ಒಂದು ಹಿಡಿಯೂ ಬೇಡ, ಇಲಿ ಬರುತ್ತವೆ.

ಗ್ಯಾಸ್ ಸಿಲಿಂಡರ್ ಖಾಲಿಯಾಗಿದ್ದರೂ ಕಳಿಸಬೇಡಿ. ಬೇರೆ ಊರಿಗೇ ಹೋಗುವವರು ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಷನ್ ವೋಚರ್ ತೆಗೆದುಕೊಳ್ಳಿ. ಠೇವಣಿ ವಾಪಸ್ ಬರುತ್ತದೆ, ಅಲ್ಲಿ ಮತ್ತೆ ಕನೆಕ್ಷನ್ ಪಡೆಯಲು ಆ ಚೀಟಿಯೇ ಬೇಕು.

ಒಡವೆ, ಮನೆಪತ್ರ, ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ. ಡಬ್ಬ ಮುಚ್ಚುವ ಮೊದಲು ಒಂದು ಫೋಟೋ ತೆಗೆದು, ಮೇಲೆ ನಂಬರ್ ಬರೆಯಿರಿ.

ಹಿರಿಯರು ಯಾರಿಗಾದರೂ ಡಬ್ಬ ಕಟ್ಟಲು ಕೈ ಜೋಡಿಸಬೇಕಿದ್ದರೆ ಸಂಕೋಚಪಡದೆ ಇಲ್ಲೇ ತಿಳಿಸಿ. ನಾವೆಲ್ಲ ಬರುತ್ತೇವೆ.