ಅಣಬೆ ರಿಸೊಟೊಗೆ ಕ್ರೀಮ್ ಬೇಡ, ಕಾಡಣಬೆಯಂತೂ ಬೇಡವೇ ಬೇಡ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅಣಬೆ ಚೀಸ್ ರಿಸೊಟೊ, ಅಂದರೆ ಅಕ್ಕಿಯನ್ನು ನುಣುಪಾಗಿ ಬೇಯಿಸುವ ಇಟಲಿಯ ಅಡುಗೆ, ಮಾಡುವ ಬಗೆ ಬಂದಿತ್ತು. ನಾನು ಇರುವುದು ಇಟಲಿಯ ಟೊರಿನೊದಲ್ಲಿ, ಪೇಪರ್ ಓದುವುದು ಮೊಬೈಲಿನಲ್ಲಿ. ಈ ಕಡೆಯ ಅಡುಗೆ ನಮ್ಮ ಪತ್ರಿಕೆಯಲ್ಲಿ ಬಂತಲ್ಲ ಅಂತ ಮೊದಲು ಖುಷಿಯೇ ಆಯಿತು. ಓದುತ್ತಾ ಹೋದ ಹಾಗೆ ಖುಷಿ ಇಳಿಯಿತು. ಅಕ್ಕಿ ಮೂರು ಸಲ ತೊಳೆಯಿರಿ, ಅರ್ಧ ಗಂಟೆ ನೆನೆಸಿ, ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ, ಒಂದು ಬಟ್ಟಲು ಕ್ರೀಮ್ ಸುರಿಯಿರಿ, ಮೇಲೆ ಮೊಝರೆಲ್ಲಾ ಉದುರಿಸಿ ಅಂತ ಇದೆ. ಇರಲಿ, ಅದೆಲ್ಲ ರುಚಿಯ ಜಗಳ. ಆದರೆ ಕೊನೆಯಲ್ಲಿ ಇನ್ನೊಂದು ಸಾಲಿದೆ. ಬಟನ್ ಅಣಬೆ ಸಿಗದಿದ್ದರೆ ಮಳೆಗಾಲದಲ್ಲಿ ತೋಟದಲ್ಲೋ ಗುಡ್ಡದಲ್ಲೋ ಏಳುವ ಯಾವ ಅಣಬೆಯಾದರೂ ನಡೆಯುತ್ತದೆ, ಚೆನ್ನಾಗಿ ಬೇಯಿಸಿದರೆ ಸಾಕು ಅಂತ. ಇದು ಜೀವದ ಮಾತು. ಹಾಗಾಗಿ ಇದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಸಾಗರದ ಕಡೆಯವಳು. ಗುಡುಗಿ ಮೊದಲ ಮಳೆ ಬಿದ್ದ ಮೇಲೆ ಹುತ್ತದ ಪಕ್ಕ ಏಳುವ ಅಣಬೆ ನನಗೂ ಗೊತ್ತು, ಅದರ ಪಲ್ಯದ ರುಚಿಯೂ ಗೊತ್ತು. ಆದರೆ ಅದನ್ನು ಕಿತ್ತು ತರುತ್ತಿದ್ದವರು ಅದೇ ಗುಡ್ಡದಲ್ಲಿ ಹುಟ್ಟಿ ಬೆಳೆದವರು. ಯಾವುದು ಎಲ್ಲಿ, ಯಾವಾಗ ಏಳುತ್ತದೆ ಅಂತ ಮನೆಯ ಹಿರಿಯರ ಹಿಂದೆ ಸುತ್ತಿ ಕಲಿತವರು. ಅವರು ತಂದದ್ದನ್ನು ತಿನ್ನುವುದು ಬೇರೆ, ಪೇಪರಿನಲ್ಲಿ 'ಯಾವುದಾದರೂ ನಡೆಯುತ್ತದೆ' ಅಂತ ಓದಿಕೊಂಡು ಲೇಔಟಿನ ಪಾರ್ಕಿನಲ್ಲಿ ಎದ್ದ ಬಿಳಿ ಅಣಬೆ ಕಿತ್ತುಕೊಂಡು ಬರುವುದು ಬೇರೆ. ಅಮಾನಿಟಾ ಜಾತಿಯ ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ಬೆಳ್ಳಿ ಚಮಚ ಹಾಕಿ ನೋಡಿ, ಬೆಳ್ಳುಳ್ಳಿ ಬಣ್ಣ ಬದಲಾಗುತ್ತಾ ನೋಡಿ, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಇವೆಲ್ಲ ಸುಮ್ನೆ ಮಾತು. ಇದರಲ್ಲಿ ಇನ್ನೂ ಒಂದು ಮೋಸ ಇದೆ. ತಿಂದ ತಕ್ಷಣ ಏನೂ ಆಗುವುದಿಲ್ಲ. 6ರಿಂದ 12 ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ಕಳೆದ ಮೇಲೆ ವಾಂತಿ ಭೇದಿ ಶುರುವಾಗುತ್ತದೆ. ಮಧ್ಯೆ ಒಂದು ದಿನ ಸುಧಾರಿಸಿದ ಹಾಗೆ ಕಾಣುತ್ತದೆ. ಅಷ್ಟು ಹೊತ್ತಿಗೆ ಒಳಗೆ ಲಿವರ್ ಹಾಳಾಗುತ್ತಿರುತ್ತದೆ.

ಇಲ್ಲಿನವರಿಗೆ ಅಣಬೆಯ ಹುಚ್ಚು ಎಷ್ಟು ಅಂದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಬಂದು ಬಿಸಿಲು ಬಿದ್ದರೆ ಸಾಕು, ಬೆಳಗಾಗುವ ಮೊದಲೇ ಬುಟ್ಟಿ ಹಿಡಿದು ಕಾಡಿಗೆ ಹೊರಟುಬಿಡುತ್ತಾರೆ. ಅಂಥವರಿಗೂ ಸರ್ಕಾರಿ ಆರೋಗ್ಯ ಕಚೇರಿಯಲ್ಲಿ ಅಣಬೆ ತಜ್ಞರಿರುತ್ತಾರೆ. ಕಿತ್ತು ತಂದದ್ದನ್ನು ತೋರಿಸಿದರೆ ದುಡ್ಡು ತೆಗೆದುಕೊಳ್ಳದೆ ಒಂದೊಂದನ್ನೇ ನೋಡಿ, ಸಂಶಯ ಬಂದದ್ದನ್ನು ಎತ್ತಿ ಬಿಸಾಡಿ ಕೊಡುತ್ತಾರೆ. ನಮ್ಮ ಊರಿನಲ್ಲಿ ಹಾಗೆ ಹೋಗಿ ತೋರಿಸಿಕೊಂಡು ಬರುವ ರೂಢಿ ಇಲ್ಲ. ಹೀಗಿರುವಾಗ ಪೇಪರಿನವರು ಆ ಸಾಲು ಹೇಗೆ ಬಿಟ್ಟರು ಅಂತ ನನಗೆ ಆಶ್ಚರ್ಯ. ಅಂಗಡಿಯಲ್ಲಿ ಸಿಗುವ ಬಟನ್ ಅಣಬೆ, ಚಿಪ್ಪು ಅಣಬೆ, ಹಾಲು ಅಣಬೆ ಬೇಕಾದಷ್ಟಾಯಿತು. ಚಿಪ್ಪು ಅಣಬೆಯನ್ನು ಮನೆಯಲ್ಲೇ ಹುಲ್ಲಿನ ಮೇಲೆ ಬೆಳೆಸಬಹುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜವೂ ಸಿಗುತ್ತದೆ, ತರಬೇತಿಯೂ ಸಿಗುತ್ತದೆ.

ಈಗ ಅಡುಗೆಗೆ ಬರೋಣ.

ಟೊರಿನೊದಿಂದ ಮಿಲಾನಿಗೆ ರೈಲಿನಲ್ಲಿ ಹೋಗುವಾಗ ವೆರ್ಚೆಲ್ಲಿ, ನೊವಾರಾ ಊರುಗಳು ಸಿಗುತ್ತವೆ. ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ ನೋಡಬೇಕು, ಹಳಿಯ ಎರಡೂ ಕಡೆ ನೀರು ನಿಂತ ಗದ್ದೆ, ಹಿಂದೆ ಹಿಮ ಹೊತ್ತ ಆಲ್ಪ್ಸ್ ಬೆಟ್ಟ. ಇಟಲಿ ಅಂದರೆ ಪಾಸ್ತಾ, ಪಿಜ್ಜಾ ಅಂದುಕೊಂಡು ಬಂದ ಮಲೆನಾಡಿನವರಿಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಯುರೋಪ್ ಒಕ್ಕೂಟದ ಅಕ್ಕಿಯಲ್ಲಿ ಸುಮಾರು ಅರ್ಧ ಇಟಲಿಯದು, ಅದರಲ್ಲಿ ದೊಡ್ಡ ಪಾಲು ಈ ಪೋ ನದಿ ಬಯಲಿನದು. ಹಿಂದೆ ಮೊಂಡೀನೆ ಅಂತ ಕರೆಯುತ್ತಿದ್ದ ಕೂಲಿ ಹೆಂಗಸರು ಮಂಡಿಯವರೆಗೆ ನೀರಲ್ಲಿ ನಿಂತು ಇಲ್ಲಿ ಕಳೆ ಕೀಳುತ್ತಿದ್ದರು. ಇಪ್ಪತ್ತನೇ ಶತಮಾನದ ಶುರುವಿನಲ್ಲೇ 8 ಗಂಟೆ ಕೆಲಸಕ್ಕಾಗಿ ಮುಷ್ಕರ ಹೂಡಿದ ಗಟ್ಟಿಗಿತ್ತಿಯರು ಅವರು. ರಿಸೊಟೊ ಹುಟ್ಟಿದ್ದು ಈ ಗದ್ದೆಗಳ ಅಕ್ಕಿಯಿಂದ. ಅರ್ಬೋರಿಯೊ ಅನ್ನುವುದು ವೆರ್ಚೆಲ್ಲಿ ಜಿಲ್ಲೆಯ ಒಂದು ಊರು, ಅದರ ಹೆಸರೇ ಅಕ್ಕಿಗೂ ಬಂದಿದೆ. ಕಾರ್ನರೋಲಿ 1945ರಲ್ಲಿ ಬಂದ ತಳಿ. ವಿಯಲೋನೆ ನಾನೊ ವೆರೋನಾ, ಮಾಂಟುವಾ ಕಡೆಯದು. ಎಲ್ಲವೂ ಗಿಡ್ಡ, ದಪ್ಪ ಕಾಳು.

ಇವುಗಳ ಗುಣ ಏನು ಅಂದರೆ ಬೇಯುವಾಗ ಹೊರಗಿನ ಗಂಜಿ ಬಿಡುತ್ತವೆ, ಒಳಗೆ ಮಾತ್ರ ಕಾಳು ಗಟ್ಟಿಯಾಗಿ ನಿಲ್ಲುತ್ತದೆ. ರಿಸೊಟೊದಲ್ಲಿ ನಮಗೆ ಕಾಣುವ ನುಣುಪು ಆ ಗಂಜಿಯದು. ಕ್ರೀಮಿನದಲ್ಲ. ಅಕ್ಕಿ ತೊಳೆದರೆ, ನೆನೆಸಿ ನೀರು ಬಸಿದರೆ ಮೊದಲು ಹೋಗುವುದೇ ಅದು. ಅದನ್ನು ಸಿಂಕಿಗೆ ಚೆಲ್ಲಿ ಆಮೇಲೆ ನುಣುಪು ಬರಲಿಲ್ಲ ಅಂತ ಕ್ರೀಮ್ ಸುರಿಯುವುದು ಯಾವ ಲೆಕ್ಕ? ಕ್ರೀಮ್ ಹಾಕಿದರೆ ಅಣಬೆಯ ರುಚಿ ಮುಚ್ಚಿಹೋಗುತ್ತದೆ, ನಾಲ್ಕು ಚಮಚ ತಿನ್ನುವಷ್ಟರಲ್ಲಿ ಸಾಕಾಗುತ್ತದೆ.

ಕುಕ್ಕರಿನ ಮೇಲೆ ನನಗೆ ತಕರಾರಿಲ್ಲ. ಇಲ್ಲೂ ಎಷ್ಟೋ ಮನೆಗಳಲ್ಲಿ ಹೆಂಗಸರು ಕೆಲಸದಿಂದ ಬಂದು ಕುಕ್ಕರಿನಲ್ಲೇ ರಿಸೊಟೊ ಮಾಡುತ್ತಾರೆ, ಯಾರೂ ಪೊಲೀಸ್ ಕರೆಯುವುದಿಲ್ಲ. ಆದರೆ ನೆನೆದ ಅಕ್ಕಿಗೆ ಮೂರು ಕೂಗು ಅಂದರೆ ಅದು ಮಗುವಿಗೆ ತಿನ್ನಿಸುವ ಅನ್ನ.

ಪಾತ್ರೆಯಲ್ಲಿ ಮಾಡುವುದಾದರೆ ಹೀಗೆ. ನಾಲ್ಕು ಜನಕ್ಕೆ 320 ಗ್ರಾಂ ಅಕ್ಕಿ, 300 ಗ್ರಾಂ ಅಣಬೆ, ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ತರಕಾರಿ ಬೇಯಿಸಿದ ನೀರು. ಈರುಳ್ಳಿ, ಕ್ಯಾರೆಟ್, ಅಣಬೆಯ ತೊಟ್ಟು ಹಾಕಿ ಕುದಿಸಿ ಸೋಸಿದರೆ ಆಯಿತು. ಆ ನೀರು ಪಕ್ಕದ ಒಲೆಯಲ್ಲಿ ಸಣ್ಣಗೆ ಕುದಿಯುತ್ತಲೇ ಇರಬೇಕು. ಅಣಬೆಯನ್ನು ಬೇರೆ ಬಾಣಲೆಯಲ್ಲಿ ಹುರಿದುಕೊಳ್ಳಿ. ಇಲ್ಲಿ ಮಾತ್ರ ಸ್ವಲ್ಪ ಗಮನ ಬೇಕು. ಅಣಬೆಯ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಎಲ್ಲ ಒಟ್ಟಿಗೆ ಸುರಿದು, ಉಪ್ಪೂ ಹಾಕಿ, ಸಣ್ಣ ಉರಿಯಲ್ಲಿ ಇಟ್ಟರೆ ಅದು ತನ್ನ ನೀರಲ್ಲೇ ಬೆಂದು ಬೂದು ಬಣ್ಣಕ್ಕೆ ತಿರುಗಿ ರಬ್ಬರಿನ ಹಾಗೆ ಕೂರುತ್ತದೆ. ಬಾಣಲೆ ಚೆನ್ನಾಗಿ ಕಾಯಲಿ, ಅಣಬೆ ಒಂದೇ ಪದರವಾಗಿ ಹರಡಿ, ಉರಿ ಜೋರಾಗಿಡಿ, ಪದೇ ಪದೇ ಕೈಯಾಡಿಸಬೇಡಿ. ಮೊದಲು ಚುಯ್ ಅಂತ ನೀರು ಬಿಡುತ್ತದೆ, ನೀರು ಆರಿದ ಮೇಲೆ ಸದ್ದು ಬದಲಾಗಿ ಚಟಪಟ ಅನ್ನುತ್ತದೆ, ಅಂಚು ಕೆಂಪಗಾಗುತ್ತದೆ, ಆಗ ಉಪ್ಪು. ಸ್ವಲ್ಪ ಜಾಸ್ತಿ ಹುರಿದರೂ ಹೆದರಬೇಡಿ, ಬೆಂಡೆಕಾಯಿ ಬದನೆಕಾಯಿ ಹಾಗೆ ಇದು ಕರಗಿಹೋಗುವುದಿಲ್ಲ.

ಇನ್ನೊಂದು ಅಗಲವಾದ ಪಾತ್ರೆಯಲ್ಲಿ ಬೆಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ. ಈರುಳ್ಳಿ ಕೆಂಪಾಗಬಾರದು, ಮೆತ್ತಗಾದರೆ ಸಾಕು. ಅದಕ್ಕೆ ಒಣ ಅಕ್ಕಿ ಹಾಕಿ, ಕಾಳು ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗುವವರೆಗೆ ಹುರಿಯಿರಿ. ಇಲ್ಲಿನವರು ಈಗ ಅರ್ಧ ಲೋಟ ಬಿಳಿ ವೈನ್ ಹಾಕುತ್ತಾರೆ. ಬೇಡದವರು ಬಿಡಿ, ಕೊನೆಗೆ ಅರ್ಧ ಚಮಚ ನಿಂಬೆರಸ ಹಿಂಡಿದರೂ ಬೇಕಾದ ಹುಳಿ ಬರುತ್ತದೆ. ಆಮೇಲೆ ಸೌಟು ಸೌಟಾಗಿ ಬಿಸಿ ನೀರು. 16ರಿಂದ 18 ನಿಮಿಷ ಬೇಕಾಗುತ್ತದೆ. ಪೂರ್ತಿ ಹೊತ್ತು ನಿಂತು ತಿರುವಬೇಕು ಅನ್ನುವುದು ಹೋಟೆಲಿನವರು ಕಟ್ಟಿದ ಕಥೆ, ಆಗಾಗ ಕೈಯಾಡಿಸಿದರೆ ಸಾಕು. ಹುರಿದ ಅಣಬೆ ಕೊನೆಯ ಐದು ನಿಮಿಷಕ್ಕೆ. ಕಾಳು ಕಚ್ಚಿದರೆ ನಡುವೆ ಚೂರು ಗಟ್ಟಿ ಅನ್ನಿಸುವಾಗ ಒಲೆ ಆರಿಸಿ. ನೆನಪಿಡಿ, ಒಲೆ ಆರಿಸಿದ ಮೇಲೆಯೇ ಫ್ರಿಜ್ಜಿನ ತಣ್ಣನೆಯ ಬೆಣ್ಣೆ, ತುರಿದ ಚೀಸ್ ಹಾಕಿ ಜೋರಾಗಿ ತಿರುವಬೇಕು. ಕುದಿಯುವಾಗ ಚೀಸ್ ಹಾಕಿದರೆ ಅದು ಉಂಡೆಗಟ್ಟಿ ಎಣ್ಣೆ ಬಿಡುತ್ತದೆ. ಹದ ಹೇಗಿರಬೇಕು ಅಂದರೆ, ಒಳ್ಳೆಯ ಬಿಸಿಬೇಳೆ ಬಾತ್ ತಟ್ಟೆಗೆ ಬಿದ್ದ ಕೂಡಲೇ ತಾನಾಗಿ ಹರಡಿಕೊಳ್ಳುತ್ತದಲ್ಲ, ಹಾಗೆ. ತಟ್ಟೆಯಲ್ಲಿ ಗುಡ್ಡೆ ಹಾಕಿ ನಿಂತರೆ ಒಂದು ಸೌಟು ಬಿಸಿ ನೀರು ಸೇರಿಸಿ. ಮಾಡಿದ ತಕ್ಷಣ ತಿನ್ನಬೇಕು, ಡಬ್ಬಿಗೆ ಕಟ್ಟುವ ತಿಂಡಿ ಇದಲ್ಲ.

ಅಣಬೆಗೂ ಹಳೆಯ ಚೀಸಿಗೂ ಯಾಕೆ ಇಷ್ಟು ಹೊಂದುತ್ತದೆ ಅನ್ನುವುದಕ್ಕೂ ಕಾರಣ ಇದೆ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡ ಅನ್ನುವ ರಸಾಯನ ವಿಜ್ಞಾನಿ ಕಡಲಪಾಚಿಯ ಸಾರಿನಿಂದ ಉಮಾಮಿ, ಅಂದರೆ ಸಾರಿನಂಥ ತುಂಬು ರುಚಿ ಕೊಡುವ ಗ್ಲುಟಮೇಟನ್ನು ಬೇರ್ಪಡಿಸಿದರು. ಚೀಸ್ ತಿಂಗಳುಗಟ್ಟಲೆ ಹಳೆಯದಾಗುತ್ತಾ ಇದೇ ಗ್ಲುಟಮೇಟ್ ಅದರಲ್ಲಿ ತುಂಬಿಕೊಳ್ಳುತ್ತದೆ. ಪಾರ್ಮಿಜಾನೊ ರೆಜಾನೊ ಅನ್ನುವ ಇಲ್ಲಿನ ಗಟ್ಟಿ ಚೀಸ್ ಕನಿಷ್ಠ 12 ತಿಂಗಳು ಹಣ್ಣಾಗಲೇಬೇಕು. ಒಣ ಅಣಬೆಯಲ್ಲಿ ಗ್ವಾನಿಲೇಟ್ ಅಂತ ರುಚಿ ಕೊಡುವ ಇನ್ನೊಂದು ಅಂಶ ಇರುತ್ತದೆ. ಎರಡೂ ಒಂದೇ ಬಾಯಲ್ಲಿ ಸೇರಿದರೆ ರುಚಿ ಕೂಡುವುದಿಲ್ಲ, ಗುಣಿಸುತ್ತದೆ. ಅದಕ್ಕೇ ಇಲ್ಲಿನವರು ಒಣಗಿಸಿದ ಪೊರ್ಚಿನಿ ಅಣಬೆಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಆ ಕಂದು ನೀರನ್ನು ಬಟ್ಟೆಯಲ್ಲಿ ಸೋಸಿ ಅಡುಗೆಗೆ ಹಾಕುತ್ತಾರೆ. ಊರಿನಲ್ಲಿ ಚಿಪ್ಪು ಅಣಬೆಯನ್ನೇ ಎರಡು ದಿನ ಒಳ್ಳೆಯ ಬಿಸಿಲಿಗೆ ಒಣಗಿಸಿಟ್ಟುಕೊಳ್ಳಿ. ಪೊರ್ಚಿನಿಯ ಘಮ ಬರುವುದಿಲ್ಲ, ಆದರೆ ಬರೀ ಬಟನ್ ಅಣಬೆಗಿಂತ ಎಷ್ಟೋ ವಾಸಿ. ಈ ಲೆಕ್ಕದಲ್ಲಿ ಮೊಝರೆಲ್ಲಾ ಯಾಕೆ ಆಗುವುದಿಲ್ಲ ಅಂತಲೂ ಗೊತ್ತಾಯಿತು ಅಲ್ವಾ? ಅದು ಎಳೆ ಚೀಸ್, ದಾರ ಎಳೆಯುತ್ತದೆ, ರುಚಿ ಕಮ್ಮಿ. ಪನೀರ್ ಕರಗುವುದೇ ಇಲ್ಲ.

ನಿಮ್ಮ ಪುರವಣಿ ಮೇಲೆ ನನ್ನ ಇನ್ನೊಂದು ಆಕ್ಷೇಪ ಇದೆ. ಪಾಕವಿಧಾನಕ್ಕೆ 'ಶುದ್ಧ ಸಸ್ಯಾಹಾರಿ' ಅಂತ ತಲೆಬರಹ ಕೊಟ್ಟು, ಕೆಳಗೆ 'ಇಟಲಿಯ ಪಾರ್ಮಿಜಾನೊ ಸಿಕ್ಕರೆ ಇನ್ನೂ ಉತ್ತಮ' ಅಂತ ಬರೆದಿದ್ದೀರಿ. ಪಾರ್ಮಿಜಾನೊ ರೆಜಾನೊ ಮಾಡುವ ನಿಯಮದಲ್ಲೇ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸಬೇಕು ಅಂತ ಇದೆ. ಗ್ರಾನಾ ಪದಾನೊ ಚೀಸಿಗೂ ಕರುವಿನದೇ, ಪೆಕೊರಿನೊ ರೊಮಾನೊಗೆ ಕುರಿಮರಿಯದು. ತಿನ್ನುವವರು ತಿನ್ನಲಿ, ನಾನು ತಿನ್ನುತ್ತೇನೆ. ಆದರೆ ಮೊಟ್ಟೆಯನ್ನೂ ಮುಟ್ಟದ ನನ್ನ ಅತ್ತೆಯಂಥವರು ನಿಮ್ಮ ಮಾತು ನಂಬಿ ಇದನ್ನು ತರಿಸಿಕೊಳ್ಳುತ್ತಾರೆ. ಅವರಿಗೆ ಇದು ಸಣ್ಣ ವಿಷಯ ಅಲ್ಲ. ಭಾರತದಲ್ಲೇ ಮಾಡುವ, ಹಸಿರು ಚುಕ್ಕೆ ಇರುವ ಹಳೆಯ ಚೆಡಾರ್, ಗೌಡಾ ಈಗ ಸಿಗುತ್ತವೆ. ಡಬ್ಬಿಯ ಮೇಲಿನ ಚುಕ್ಕೆ ನೋಡಿ ಕೊಳ್ಳಿ ಅಂತ ಒಂದು ಸಾಲು ಸೇರಿಸಿದ್ದರೆ ಆಗುತ್ತಿತ್ತು.

ಅರ್ಬೋರಿಯೊ ಊರಿನಲ್ಲಿ ದುಬಾರಿ, ಗೊತ್ತು. ಅದಿಲ್ಲದೆ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಅನ್ನಕ್ಕೆ ನಾವು ಹಳೆಯ ಅಕ್ಕಿ ಹುಡುಕುತ್ತೇವೆ, ಉದುರುದುರಾಗಲಿ ಅಂತ. ಇಲ್ಲಿ ಉಲ್ಟಾ. ಅನ್ನ ಮಾಡಿದರೆ ಮುದ್ದೆಯಾಗುತ್ತದೆ ಅಂತ ಬೈದು ಮೂಲೆಗೆ ಇಟ್ಟ ಹೊಸ ಅಕ್ಕಿ ಇದಕ್ಕೆ ಸರಿಹೋಗುತ್ತದೆ, ದಪ್ಪ ಕಾಳಿನ ಬೆಳ್ತಿಗೆ ಅಕ್ಕಿಯಾದರೆ ಇನ್ನೂ ಒಳ್ಳೆಯದು. ಕಾರ್ನರೋಲಿಯಷ್ಟು ಕಚ್ಚುವ ಗಟ್ಟಿತನ ಬರುವುದಿಲ್ಲ, ಅಷ್ಟೇ. ಕುಚಲಕ್ಕಿ, ಬಾಸ್ಮತಿ ಬೇಡ, ಅವು ಗಂಜಿ ಬಿಟ್ಟುಕೊಡುವುದಿಲ್ಲ. ಅಕ್ಕಿಯೇ ಬೇಡ ಅನ್ನುವವರಿಗೆ ಬಾರ್ಲಿ ಇದೆ. ಇಟಲಿಯ ಈಶಾನ್ಯ ಮೂಲೆಯಲ್ಲಿ, ಟ್ರೆಂಟಿನೊ, ಫ್ರಿಯೂಲಿ ಕಡೆ, ಬಾರ್ಲಿಯನ್ನೇ ಇದೇ ರೀತಿ ಮಾಡಿ ಒರ್ಜೊಟೊ ಅನ್ನುತ್ತಾರೆ. ಬೇಯಲು ಹೊತ್ತು ಜಾಸ್ತಿ, ಆದರೆ ಅದರ ನಾರಿನಂಶದಿಂದಲೇ ಲೋಳೆ ಬಂದು ದಪ್ಪಗಾಗುತ್ತದೆ.

ಸಿರಿಧಾನ್ಯದ ರಿಸೊಟೊ ಅಂತ ಈಗ ಎಲ್ಲ ಕಡೆ ಬರುತ್ತಿದೆ. ನನ್ನ ಅನುಭವದಲ್ಲಿ ನವಣೆ, ಸಾಮೆ ಸುಮ್ನೆ ಹಾಗೇ ಹಾಕಿದರೆ ಕಾಳು ಬಿಡಿಬಿಡಿಯಾಗಿ ನಿಲ್ಲುತ್ತದೆ, ನುಣುಪು ಬರುವುದಿಲ್ಲ, ಆಮೇಲೆ ಮತ್ತೆ ಅದೇ ಕ್ರೀಮು. ಒಂದು ಹಿಡಿ ನವಣೆಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ ಉಳಿದ ಕಾಳಿನ ಜೊತೆ ಬೇಯಿಸಿದರೆ ದಾರಿಗೆ ಬರುತ್ತದೆ. ಅದಕ್ಕಿಂತ ಚೆನ್ನಾಗಿರುವುದು ಉತ್ತರ ಕರ್ನಾಟಕದ ಜೋಳದ ನುಚ್ಚು. ಇಲ್ಲಿ ಬೆಟ್ಟದ ಊರುಗಳಲ್ಲಿ ಮೆಕ್ಕೆಜೋಳದ ರವೆ ಬೇಯಿಸಿ, ಅದಕ್ಕೆ ಬೆಣ್ಣೆ, ಫೊಂಟಿನಾ ಚೀಸ್ ಕಲಸಿ ಪೊಲೆಂತಾ ಮಾಡುತ್ತಾರೆ, ಮೇಲೆ ಹುರಿದ ಅಣಬೆ. ನಮ್ಮ ಬಿಳಿಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಹಾಗೇ ಮಾಡಿ ನೋಡಿದೆ. ಊಟಕ್ಕೆ ಬಂದಿದ್ದ ಪಕ್ಕದ ಮನೆಯ ಅಜ್ಜಿ ಎರಡನೇ ಸಲ ಬಡಿಸಿಕೊಂಡರು.

ಪಾಕವಿಧಾನ ಕಳಿಸಿದವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರು ಎಲ್ಲೋ ನೋಡಿದ್ದನ್ನು ಆಸೆಯಿಂದ ಬರೆದಿದ್ದಾರೆ. ಅದನ್ನು ನೋಡಿ ತಿದ್ದಬೇಕಾದದ್ದು ನಿಮ್ಮ ಡೆಸ್ಕಿನವರು. ಈ ಪತ್ರ ಉದ್ದವಾಯಿತು, ಜಾಗ ಇಲ್ಲದಿದ್ದರೆ ಅಡುಗೆಯ ಭಾಗ ಪೂರ್ತಿ ಕತ್ತರಿಸಿ. ಕಾಡಣಬೆಯ ಆ ಸಾಲು ತಪ್ಪು ಅಂತ ಮಾತ್ರ ಬರುವ ಭಾನುವಾರದ ಪುರವಣಿಯಲ್ಲಿ, ಮೂಲ ಪಾಕವಿಧಾನ ಬಂದ ಅದೇ ಪುಟದಲ್ಲಿ, ಕಣ್ಣಿಗೆ ಕಾಣುವಷ್ಟು ದಪ್ಪಕ್ಷರದಲ್ಲಿ ಹಾಕಿ. ಇ-ಪೇಪರಿನಲ್ಲೂ ಅದನ್ನು ತೆಗೆಸಿ, ಮಳೆ ಇನ್ನೂ ನಿಂತಿಲ್ಲ.

ನಿಮ್ಮ ಹಳೆಯ ಓದುಗಳು,
ಟೊರಿನೊ, ಇಟಲಿ