ಆಹಾರ ಸಚಿವರೇ, ನಮಗೆ ಜೋಳ ಕೊಡಿ

ಮಾನ್ಯ ಆಹಾರ ಸಚಿವರಿಗೆ ಗದಗ-ಬೆಟಗೇರಿಯಿಂದ ನಮಸ್ಕಾರ.

ಬರೆಯಬೇಕು ಅಂದುಕೊಂಡು ಮೂರು ವರ್ಷ ಸುಮ್ಮನಿದ್ದೆ. ಈ ತಿಂಗಳು ತಡೆಯಲು ಆಗಲಿಲ್ಲ.

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ಅನ್ನ ಕಡಿಮೆ ಮಾಡಿ, ರೊಟ್ಟಿ, ಕಾಳುಪಲ್ಯ, ಸೊಪ್ಪು-ತಪ್ಪಲು ಕೊಡಿ ಅಂದರು ಡಾಕ್ಟರು. ಅತ್ತೆ ಹುಟ್ಟಿದಾಗಿನಿಂದ ತಿಂದದ್ದೇ ಅದು. ಆದರೆ ನಮ್ಮ ರೇಷನ್ ಅಂಗಡಿಯಲ್ಲಿ ಹೋದ ತಿಂಗಳೂ ಅಕ್ಕಿ, ಈ ತಿಂಗಳೂ ಅಕ್ಕಿ.

ಮನೆಯಲ್ಲಿ ನಾಲ್ಕು ಮಂದಿ. ಎಲ್ಲರೂ ರೊಟ್ಟಿ ತಿಂದರೆ ದಿನಕ್ಕೆ ಒಂದು ಕಿಲೋ ಹಿಟ್ಟು ಬೇಕು. ಹೋದ ವಾರ ಬಿಳಿಜೋಳ ತಂದದ್ದು ಕಿಲೋಗೆ 52 ರೂಪಾಯಿಗೆ. ತಿಂಗಳಿಗೆ 1,560 ಆಯಿತು, ಗಿರಣಿಯವನದು ಬೇರೆ. ಮಗ್ಗದ ದುಡಿಮೆಯಲ್ಲಿ ಅಷ್ಟು ತೆಗೆದರೆ ಬೇಳೆಗೆ ಏನು ಉಳಿಯುತ್ತದೆ? ಹಾಗಾಗಿ ಅತ್ತೆಗೆ ಮಾತ್ರ ಎರಡು ರೊಟ್ಟಿ, ನಮಗೆ ಅನ್ನ-ಸಾರು. ಅತ್ತೆ ಅದರಲ್ಲೇ ಒಂದನ್ನು ಮುರಿದು ಮೊಮ್ಮಗನ ತಾಟಿಗೆ ಹಾಕುತ್ತಾರೆ. ನಾನು ನೋಡಿಯೂ ನೋಡದವಳಂತೆ ಇರುತ್ತೇನೆ.

ಈ ತಿಂಗಳು ರೇಷನ್ನಿಗೆ ಎರಡು ದಿನ ಅಲೆದೆ. ಮೊದಲ ದಿನ ಸರ್ವರ್ ಇಲ್ಲ. ಎರಡನೇ ದಿನ ನೂಲು ಸುತ್ತಿ ಸವೆದ ನನ್ನ ಹೆಬ್ಬೆಟ್ಟು ಮಷಿನ್ನಿಗೆ ಹತ್ತಲಿಲ್ಲ. ಒರೆಸಿ ಒರೆಸಿ ಆರನೇ ಸಲಕ್ಕೆ ಹತ್ತಿತು. "ಜೋಳ ಬಂದಿದೆಯೇನ್ರಿ?" ಅಂತ ಕೇಳಿದೆ. "ಜೋಳ ಬೇಕಂದ್ರ ಒಂದು ಹೊಲ ತಗೋರಿ ಅಕ್ಕಾ" ಅಂದ ಅಂಗಡಿಯವನು. ಪಾಳಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಸಿಟ್ಟು ಬಂದದ್ದು ಮನೆಗೆ ಬಂದು ಚೀಲ ಇಳಿಸಿದ ಮೇಲೆ.

ಸಾಹೇಬರೇ, 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ, ಗೋಧಿ ಜೊತೆಗೆ ಜೋಳದಂಥ ಒರಟು ಧಾನ್ಯವೂ ಇದೆ. ನಿಮಗೆ ಗೊತ್ತಿಲ್ಲದ್ದಲ್ಲ. 2023ರಲ್ಲಿ ಸಿರಿಧಾನ್ಯ ವರ್ಷ ಅಂತ ಭಾಷಣಗಳೂ ಆದವು. ಭಾಷಣ ನಮ್ಮ ಓಣಿಗೂ ಬಂತು, ಜೋಳ ಬರಲಿಲ್ಲ. ಹಿಂಗಾರಿನಲ್ಲಿ ನಮ್ಮ ಸುತ್ತಲಿನ ಎರೆಹೊಲದಲ್ಲೇ ಬಿಳಿಜೋಳ ಬೆಳೆಯುತ್ತದೆ ಅಲ್ವಾ? ಮುಂಗಾರಿನ ಹೆಸರುಕಾಳು ನಮ್ಮ ಎಪಿಎಂಸಿಯಿಂದಲೇ ಲಾರಿ ಹತ್ತಿ ಹೋಗುತ್ತದೆ. ನಮ್ಮ ಡಬ್ಬಿಯಲ್ಲಿ ಅರ್ಧ ಕಿಲೋ ಇದ್ದರೆ ಅದು ಹಬ್ಬ.

ಜೋಳ ಬಹಳ ದಿನ ಇಟ್ಟರೆ ಕೆಡುತ್ತದೆ ಅಂತ ನಿಮ್ಮ ಇಲಾಖೆಯವರೊಬ್ಬರು ಹೇಳಿದರು. ಅತ್ತೆಯ ತವರಿನಲ್ಲಿ ಹಗೇವು ಇತ್ತಂತೆ. ನೆಲದೊಳಗೆ ಹಾಕಿದ ಜೋಳವನ್ನು ಎರಡು ವರ್ಷ ಬಿಟ್ಟು ತೆಗೆದು ತಿನ್ನುತ್ತಿದ್ದರಂತೆ. ಇಷ್ಟು ದೊಡ್ಡ ಗೋದಾಮು ಇಟ್ಟುಕೊಂಡು ನಿಮಗೆ ಆಗುವುದಿಲ್ಲವೇ?

ಓಣಿಗೆ ಟಂಟಂ ಗಾಡಿಯವನು ಬಂದು ರೇಷನ್ ಅಕ್ಕಿ ಕೊಳ್ಳುತ್ತಾನೆ. ಮಾರುವುದು ತಪ್ಪು, ಗೊತ್ತು. ನಾನು ಮಾರಿಲ್ಲ. ಮಾರಿ ಜೋಳ ತರುವವರನ್ನು ಬೈಯಲು ಬಾಯಿ ಬರುವುದಿಲ್ಲ ಅಷ್ಟೇ.

ಅಕ್ಕಿ ನಿಲ್ಲಿಸಿ ಅನ್ನುತ್ತಿಲ್ಲ. ಅರ್ಧ ಅಕ್ಕಿ, ಅರ್ಧ ಜೋಳ ಕೊಡಿ. ಒಂದಿಷ್ಟು ಹೆಸರುಕಾಳು ಸೇರಿಸಿ. ಕಾಳು ಆಗದಿದ್ದರೆ ಅಕ್ಕಿ ಜೊತೆ ಜೋಳವನ್ನಾದರೂ ಕೊಡಿ. ಆದರೆ ಕೊಡಿ. ಮುಂದಿನ ತಿಂಗಳು ಎರಡು ಚೀಲ ತರುತ್ತೇನೆ.

ಇತಿ,
ಬೆಟಗೇರಿಯ ಒಬ್ಬ ಬಿಪಿಎಲ್ ಕಾರ್ಡಿನವಳು