ಅಮ್ಮ, ರುಜು ಹಾಕ್ಬೇಡ

ಸಾಂ ಪಿಯೆರ್ ದ್ವೀಪ
ಜುಲೈ 15

ಅಮ್ಮನಿಗೆ ಸುಮಾ ಮಾಡುವ ನಮಸ್ಕಾರ. ನಾನು ಕ್ಷೇಮ. ಅಪ್ಪಯ್ಯನಿಗೂ ಅತ್ತಿಗೆಗೂ ನಮಸ್ಕಾರ ಹೇಳು, ಚಿನ್ನುವಿಗೆ ಮುತ್ತು. ಅಣ್ಣನಿಗೆ ಈಗ ಬೇಡ, ಕೊನೆಗೆ ನೋಡುವ.

ಫೋನ್ ಬಿಟ್ಟು ಕಾಗದ ಎಂತಕ್ಕೆ ಅಂದರೆ, ನಿನ್ನ ಫೋನು ಅರ್ಧ ದಿನ ಅಣ್ಣನ ಕೈಯಲ್ಲೇ ಇರ್ತದೆ. ಮೆಸೇಜ್ ಹಾಕಿದರೆ ಅವನೇ ಮೊದಲು ಓದೋದು. ಪೋಸ್ಟಿನಲ್ಲಿ ಇದು ಮನೆ ಮುಟ್ಟುವಾಗ ಚೌತಿ ಹತ್ತಿರ ಬಂದಿರ್ತದೆ, ಅದಕ್ಕೆ ಫೋಟೊ ತೆಗೆದು ಸವಿತಕ್ಕನಿಗೂ ಕಳಿಸ್ತೇನೆ. ಅವಳು ಓದಿ ಹೇಳ್ತಾಳೆ. ಸವಿತಕ್ಕ, ನಿಧಾನ ಓದು, ಮಧ್ಯ ನಿನ್ನ ಮಾತು ಸೇರಿಸ್ಬೇಡ.

ನೀನು ಬಾವಿಕಟ್ಟೆ ಹತ್ತಿರ ನಿಂತು ಪಿಸುಪಿಸು ಅಂತ ಕಳಿಸಿದ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಅರ್ಧ ಮಳೆ ಸದ್ದು, ಕಾಲುಭಾಗ ಕೋಳಿ. ಆದರೂ ಮುಖ್ಯವಾದ್ದು ಕೇಳಿಸ್ತು: ಗಂಗೊಳ್ಳಿಯ ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟಿನಲ್ಲಿ ಅಣ್ಣನಿಗೆ ಪಾಲು, 18 ಲಕ್ಷ, ಮನೆ ಅಡವು. ಮನೆ ನಿನ್ನ ಹೆಸರಲ್ಲಿ ಇರೋದಕ್ಕೆ ನಿನ್ನ ರುಜು. ಅದೂ ಆಗಸ್ಟ್ 1ಕ್ಕೆ ಬೋಟು ಕಡಲಿಗೆ ಇಳಿಯುವ ಮೊದಲು. ಅಮ್ಮ, ರುಜು ಹಾಕ್ಬೇಡ. ಉಳಿದದ್ದು ಆಮೇಲೆ ಹೇಳ್ತೇನೆ, ಇದನ್ನು ಮೊದಲು ಕೇಳಿಸಿಕೋ.

ನಾನು ಎಲ್ಲಿದ್ದೇನೆ ಅಂತ ಗಾಬರಿ ಆಗ್ಬೇಡ. ಮೂರು ದಿನ ರಜೆ ಇತ್ತು, ರೂಮಿನ ಹುಡುಗಿಯರ ಜೊತೆ ಬಂದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ನಾನಿರುವ ಸೇಂಟ್ ಜಾನ್ಸ್‌ನಿಂದ ಕಾರಲ್ಲಿ ನಾಲ್ಕು ಗಂಟೆ, ಆಮೇಲೆ ಬೋಟಲ್ಲಿ ಒಂದೂವರೆ ಗಂಟೆ. ಕೆನಡಾದ ದಡದಿಂದ ಹೆಚ್ಚೆಂದರೆ 25 ಕಿಲೋಮೀಟರ್, ಆದರೆ ಇಲ್ಲಿ ಇಳಿದರೆ ಫ್ರಾನ್ಸ್! ನಕಲಿ ಫ್ರಾನ್ಸ್ ಅಲ್ಲ, ಪೊಲೀಸರೂ ಅವರದ್ದೇ, ದುಡ್ಡೂ ಯೂರೋ. ನಿನ್ನೆ ಅವರ ರಾಷ್ಟ್ರೀಯ ಹಬ್ಬ, ಬಂದರಿನ ಚೌಕದಲ್ಲಿ ಬ್ಯಾಂಡು, ಮೆರವಣಿಗೆ. ಎಲ್ಲ ದ್ವೀಪ ಸೇರಿಸಿದರೂ ಜನ ಆರು ಸಾವಿರದ ಹತ್ತಿರ ಅಷ್ಟೆ. ನಮ್ಮ ಬದಿಯ ಒಂದು ಜಾತ್ರೆಗೆ ಅದಕ್ಕಿಂತ ಹೆಚ್ಚು ಸೇರ್ತಾರೆ. ಗಡಿಯಾರವೂ ಇವರದ್ದೇ ಬೇರೆ, ನ್ಯೂಫೌಂಡ್‌ಲ್ಯಾಂಡಿಗಿಂತ ಅರ್ಧ ಗಂಟೆ ಮುಂದೆ. ನಿಮಗೆ ಸಂಜೆ ಆರು ಅಂದರೆ ಇಲ್ಲಿ ಬೆಳಿಗ್ಗೆ ಹತ್ತೂವರೆ. ಮಧ್ಯಾಹ್ನ ಹನ್ನೆರಡಾದರೆ ಅಂಗಡಿಯವರೆಲ್ಲ ಬಾಗಿಲು ಎಳೆದು ಊಟಕ್ಕೆ ಹೋಗ್ತಾರೆ, ಗಿರಾಕಿ ಎದುರು ನಿಂತಿದ್ದರೂ ಸೈ. ನನ್ನ ರೂಮಿನವರಿಗೆ ಸಿಟ್ಟು ಬಂತು, ನನಗೆ ಬರಲಿಲ್ಲ. ಪೇಟೆಯಲ್ಲಿ ಶೆಟ್ರು ಮಾಡೋದೂ ಅದನ್ನೇ ಅಲ್ವಾ?

ಇನ್ನೊಂದು ತಮಾಷೆ. ಕುಂದಾಪುರ ಬಸ್‌ಸ್ಟ್ಯಾಂಡ್ ಎದುರು ತೆಗೆದ ಎರಡು ಕಡ್ಡಿಯ ಚಾರ್ಜರ್ ನೆನಪಿದೆಯಾ? ಕೆನಡಾದಲ್ಲಿ ಯಾವ ಗೋಡೆಗೂ ಹಿಡಿಸದೆ ಮೂರು ವರ್ಷ ಬ್ಯಾಗಿನ ತಳದಲ್ಲಿತ್ತು. ಇಲ್ಲಿ ಹಾಕಿದ್ದೇ ತಡ, ಸರಕ್ಕನೆ ಒಳಗೆ ಹೋಯ್ತು. ರೂಮಿನವರು ಪ್ಲಗ್ ಹುಡುಕಿಕೊಂಡು ಅಂಗಡಿ ಅಲೆಯುವಾಗ ನಾನು ಹಾಸಿಗೆ ಮೇಲೆ ಕಾಲು ಚಾಚಿ ನಿನ್ನ ಮೆಸೇಜ್ ಕೇಳ್ತಾ ಇದ್ದೆ.

ಹೀಗೆ ಕೇಳಿದ ಮಾರನೇ ದಿನ ಒಂದು ಸಣ್ಣ ದ್ವೀಪಕ್ಕೆ ಹೋದೆವು. ಬಂದರಿನ ಎದುರೇ ಇದೆ, ದೋಣಿಯಲ್ಲಿ ಹತ್ತು ನಿಮಿಷ. ಹೆಸರು ಈಲ್ ಓ ಮರಾಂ, ಅಂದರೆ ಕಡಲಿಗರ ದ್ವೀಪ. ಒಂದು ಕಾಲಕ್ಕೆ ಆರೇಳುನೂರು ಜನ ಇದ್ದರಂತೆ. ಈಗ ವರ್ಷಪೂರ್ತಿ ಇರುವವರು ಯಾರೂ ಇಲ್ಲ. ಇಗರ್ಜಿ ಇದೆ, ಶಾಲೆ ಇದೆ, ಶಾಲೆಯನ್ನು ಮ್ಯೂಸಿಯಂ ಮಾಡಿದ್ದಾರೆ. ಮಂಜು ಎಷ್ಟು ದಪ್ಪ ಅಂದರೆ ಇಗರ್ಜಿಯ ಗೋಪುರ ಕಾಣ್ತದೆ, ಬುಡ ಕಾಣೋದಿಲ್ಲ.

ಅಲ್ಲಿ ನೆಲದ ಮೇಲೆ ಕಲ್ಲು ಹಾಸಿದ್ದಾರೆ ಅಮ್ಮ. ತೆಂಗಿನಕಾಯಿ ಗಾತ್ರದ ಕಲ್ಲು, ಒಂದಕ್ಕೊಂದು ತಾಗಿಸಿ, ಗದ್ದೆಯಷ್ಟು ಅಗಲಕ್ಕೆ. ಕಾಡ್ ಮೀನು ಒಣಗಿಸುವ ಕಳ ಅದು. ತಲೆ ತೆಗೆದು, ಸೀಳಿ, ಉಪ್ಪು ಹಾಕಿದ ಮೀನನ್ನು ಕಲ್ಲಿನ ಮೇಲೆ ಬಿಡಿಸಿ ಇಡ್ತಿದ್ದರು, ಅಡಿಯಿಂದಲೂ ಗಾಳಿ ಆಡಲಿ ಅಂತ. ಸಂಜೆಗೆ ಎಲ್ಲ ಎತ್ತಿ, ಚರ್ಮ ಮೇಲೆ ಮಾಡಿ ರಾಶಿ ಹಾಕಿ, ಬೆಳಿಗ್ಗೆ ಮತ್ತೆ ಹರಡೋದು. ಬಿಸಿಲು ಜೋರಾದರೂ ಕಷ್ಟ, ಮೀನು ಒಣಗುವ ಬದಲು ಬೆಂದುಬಿಡ್ತದೆ. ಈ ಕೆಲಸಕ್ಕೆ ಫ್ರಾನ್ಸಿನ ಬ್ರಿಟನಿ ಕಡೆಯಿಂದ ಸಣ್ಣ ಹುಡುಗರನ್ನು ಹಡಗಿನಲ್ಲಿ ತುಂಬಿಸಿ ತರ್ತಿದ್ದರಂತೆ, ದಿನವಿಡೀ ಬಗ್ಗಿಯೇ ಇರಬೇಕು. ನಾನು ಕುಕ್ಕರುಗಾಲಲ್ಲಿ ಕೂತು ಒಂದು ಕಲ್ಲು ಮುಟ್ಟಿ ನೋಡಿದೆ, ತಣ್ಣಗೆ ಒದ್ದೆ. ನೀನು ಬಂಗುಡೆ ಒಣಗಿಸುವಾಗ ಕಾಗೆ ಓಡಿಸ್ಲಿಕ್ಕೆ ನನ್ನನ್ನು ಕೋಲು ಕೊಟ್ಟು ಕೂರಿಸ್ತಿದ್ದೆಯಲ್ಲ, ಅದೇ ನೆನಪಾಯ್ತು. ವಾಸನೆ ಮಾತ್ರ ಒಂದಿಷ್ಟೂ ಇರಲಿಲ್ಲ. ಒಣಮೀನಿನ ಕಳದಲ್ಲಿ ವಾಸನೆ ಇಲ್ಲದಿದ್ದರೆ ಹೇಗಿರ್ತದೆ ಗೊತ್ತಾ, ಮದುವೆ ಮುಗಿದ ಮಾರನೇ ದಿನದ ಚಪ್ಪರದ ಹಾಗೆ.

ಮೀನು ಎಲ್ಲಿ ಹೋಯ್ತು ಅಂತ ಅಪ್ಪಯ್ಯ ಕೇಳೇ ಕೇಳ್ತಾರೆ. ಅವರಿಗೆ ಸರಿಯಾಗಿ ಹೇಳು. 1763ರಲ್ಲಿ ಇಂಗ್ಲಿಷಿನವರು ಇಡೀ ಕೆನಡಾ ಕಿತ್ಕೊಂಡಾಗಲೂ ಮೀನು ಹಿಡಿಯೋದಕ್ಕೆ ಅಂತಲೇ ಫ್ರಾನ್ಸ್ ಈ ಕಲ್ಲುಗುಡ್ಡೆ ವಾಪಸ್ ಪಡ್ಕೊಂಡಿತು. ಅಷ್ಟು ಮೀನು ಈ ಕಡಲಲ್ಲಿ. ಆಮೇಲೆ ದೊಡ್ಡ ದೊಡ್ಡ ಟ್ರಾಲರ್ ಬಂದವು, ಹಿಡಿದದ್ದನ್ನು ಅಲ್ಲೇ ಐಸ್ ಮಾಡುವಂಥವು, ಹತ್ತು ದೇಶದವು. ನ್ಯೂಫೌಂಡ್‌ಲ್ಯಾಂಡಿನ ಉತ್ತರದ ಕಡಲಲ್ಲಿ 1968ರ ಒಂದೇ ವರ್ಷ 8 ಲಕ್ಷ ಟನ್ ಕಾಡ್ ಎತ್ತಿದರು. ಅದೇ ಮೇಲಿನ ಮೆಟ್ಟಿಲು. 1992ರ ಜುಲೈ 2ಕ್ಕೆ ಕೆನಡಾ ಅಲ್ಲಿ ಕಾಡ್ ಹಿಡಿಯೋದನ್ನೇ ನಿಲ್ಲಿಸಿತು, ಸುಮಾರು 30 ಸಾವಿರ ಜನಕ್ಕೆ ಕೆಲಸ ಇಲ್ಲ. ನಮ್ಮ 61 ದಿನದ ಮಳೆಗಾಲದ ರಜೆಯ ಹಾಗೆ ಅಲ್ಲ. ಎರಡು ವರ್ಷಕ್ಕೆ ಅಂತ ಹೇಳಿದ್ದು, ತೆಗೆದದ್ದು 2024ರಲ್ಲಿ. ಅದೇ 1992ರಲ್ಲಿ ಫ್ರಾನ್ಸಿಗೂ ಕೆನಡಾಕ್ಕೂ ಕಡಲಿನ ಗಡಿ ಜಗಳ ತೀರ್ಮಾನ ಆಗಿ, ಇವರ ಪಾಲಿಗೆ ದ್ವೀಪದ ಸುತ್ತ ಒಂದಿಷ್ಟು, ಅಲ್ಲಿಂದ ದಕ್ಷಿಣಕ್ಕೆ ಸುಮಾರು 200 ನಾಟಿಕಲ್ ಮೈಲಿ ಉದ್ದ, 10.5 ನಾಟಿಕಲ್ ಮೈಲಿ ಅಗಲದ ಒಂದು ಪಟ್ಟಿ ಸಿಕ್ಕಿತು. ಇವರ ಉದ್ದ ಬ್ರೆಡ್ಡಿನ ಹಾಗೇ ಇದೆ ಅಂತ ಅದಕ್ಕೆ ಬಾಗೆಟ್ ಅಂತಲೇ ಕರೀತಾರೆ. ಬ್ರೆಡ್ ಸಿಕ್ಕಿತು, ಮೀನು ಇಲ್ಲ.

"ಎರಡು ಸೀಸನ್ನಲ್ಲಿ ಸಾಲ ತೀರಿಸ್ತೆ" ಅಂತ ಅಣ್ಣ ಹೇಳ್ತಾನಲ್ಲ, ಎಲ್ಲರೂ ಎರಡೇ ಹೇಳೋದು.

ನಮ್ಮ ಕಡಲೂ ಹೀಗೇ ಆಗ್ತದೆ ಅಂತ ನಾನು ಹೇಳ್ತಾ ಇಲ್ಲ. ಭೂತಾಯಿ ಮೀನು ನಾಲ್ಕು ವರ್ಷ ಕಣ್ಮರೆ ಆದರೂ ಐದನೇ ವರ್ಷ ರಾಶಿ ಬೀಳಬಹುದು, ನನಗೂ ಗೊತ್ತು, ಮೊಗವೀರರ ಮನೆಯಲ್ಲೇ ಹುಟ್ಟಿದ್ದು. ಆದರೆ ಮೀನು ಬರುವವರೆಗೆ ಬ್ಯಾಂಕಿನವರು ಕಾಯ್ತಾರಾ? ಇಲ್ಲಿ ಮೀನು ಹೋದ ಮೇಲೂ ಜನ ಉಪವಾಸ ಬೀಳಲಿಲ್ಲ, ಪ್ಯಾರಿಸ್ಸಿನಿಂದ ದುಡ್ಡು ಬರ್ತದೆ. ಬಹಳ ಜನ ಈಗ ಸರ್ಕಾರಿ ಕೆಲಸದಲ್ಲೇ ಇದ್ದಾರೆ. ನಮಗೆ ಯಾವ ಪ್ಯಾರಿಸ್ ಉಂಟು? ನಾಡದೋಣಿಯ ಇಂಜಿನ್ನಿಗೆ ಅಂತ ಇಟ್ಟ ನಿನ್ನ ಸರ ಇನ್ನೂ ಸೊಸೈಟಿಯಲ್ಲೇ ಇದೆ.

ಇನ್ನೊಂದು ವಿಷಯ ನನಗೆ ಅದಕ್ಕಿಂತ ಹೆದರಿಕೆ. ರಾತ್ರಿ ಲೈಟ್ ಹಾಕಿ ಹಿಡಿದರೆ ಒಂದೇ ತಿಂಗಳಲ್ಲಿ ದುಡ್ಡು ಅಂತ ಆ ಪಾಲುದಾರರು ಹೇಳಿದ್ದಾರಂತೆ. ಲೈಟ್ ಫಿಶಿಂಗಿಗೆ ನಿಷೇಧ ಇದೆ. ಸಿಕ್ಕಿಬಿದ್ದರೆ ಅವರು ಜಾರಿಕೊಳ್ತಾರೆ, ನಮ್ಮವನು ಜಾರುವ ಜಾತಿಯಲ್ಲ. ಈ ದ್ವೀಪದಲ್ಲೂ ಅಂಥದ್ದೇ ಆಗಿತ್ತು. 1920ರಲ್ಲಿ ಅಮೆರಿಕದಲ್ಲಿ ಸಾರಾಯಿ ಬಂದ್ ಮಾಡಿದಾಗ ಇಲ್ಲಿನವರು ಬಲೆ ಬದಿಗಿಟ್ಟು ವಿಸ್ಕಿ ಪೆಟ್ಟಿಗೆ ಹೊರಲಿಕ್ಕೆ ಹೋದರು. ಪೆಟ್ಟಿಗೆ ಹಲಗೆಯಲ್ಲೇ ಮನೆ ಕಟ್ಟಿಕೊಂಡವರೂ ಇದ್ದರಂತೆ (ಇದನ್ನು ಅಪ್ಪಯ್ಯನಿಗೆ ಹೇಳು, ನಗ್ತಾರೆ). 1933ರಲ್ಲಿ ಅಲ್ಲಿ ನಿಷೇಧ ತೆಗೆದರು, ಇಲ್ಲಿ ನಡು ಮುರಿಯಿತು.

"ಬೋಟಿನ್ ವಿಷ್ಯ ನಿಂಗ್ ಎಂತ ಗೊತ್ತಿತ್ತ್?" ಅಂತ ಅಣ್ಣ ಕೇಳ್ತಾನೆ. ಕೇಳಲಿ. ತಿರುಗಲಿಕ್ಕೆ ಇವಳಿಗೆ ದುಡ್ಡು ಎಲ್ಲಿಂದ ಅಂತಲೂ ಕೇಳ್ತಾನೆ. ನಾಲ್ಕು ಜನ ಹಂಚಿಕೊಂಡ ರೂಮು, ಹೊತ್ತು ಹೊತ್ತಿಗೆ ಬ್ರೆಡ್ಡು, ಹೇಳು ಅವನಿಗೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಾಡದೋಣಿಗೆ ಹೊಸ ಇಂಜಿನ್ ಬೇಕಾದರೆ ದೀಪಾವಳಿ ಒಳಗೆ ನಾನೇ ಕಳಿಸ್ತೇನೆ, ಸರವನ್ನೂ ಬಿಡಿಸುವ. ನನಗೇನೂ ತೊಂದರೆ ಇಲ್ಲ. ಕೆಲಸ ಗಟ್ಟಿ ಇದೆ, ಶಿಫ್ಟು ಸ್ವಲ್ಪ ಕಡಿಮೆ ಮಾಡಿದ್ದಾರೆ ಅಷ್ಟೆ, ಅದೂ ಎಲ್ಲರಿಗೂ. ಚಳಿ ಇಲ್ಲ, ಜಾಕೆಟ್ ಇದೆ. ಕೆಮ್ಮೂ ಹೋಯ್ತು, ಹೆಚ್ಚುಕಮ್ಮಿ. ಬೋಟಲ್ಲಿ ವಾಂತಿ ಆದದ್ದು ನನಗೆ ಅಲ್ಲ, ರೂಮಿನವಳಿಗೆ. ಮದುವೆ ಮಾತು ಚೌತಿಗೆ ಫೋನ್ ಮಾಡಿದಾಗ ಮಾತಾಡುವ, ಆ ಕೋಟದವರಿಗೆ ಈಗಲೇ ಹೂಂ ಅನ್ಬೇಡ.

ಗಂಟೆ ಹನ್ನೊಂದೂ ಮುಕ್ಕಾಲು. ಹೇಳಿದೆನಲ್ಲ, ಹನ್ನೆರಡಕ್ಕೆ ಪೋಸ್ಟ್ ಆಫೀಸೂ ಮುಚ್ತಾರೆ, ಆಮೇಲೆ ನಮ್ಮ ಬೋಟು. ಸ್ಟ್ಯಾಂಪು ಈ ದ್ವೀಪದ್ದೇ, ಚಿನ್ನುವಿಗೆ ಕಿತ್ತು ಕೊಡು, ನೀರಲ್ಲಿ ನೆನೆಸಿದರೆ ಹರಿಯೋದಿಲ್ಲ. ಅಣ್ಣನಿಗೂ ನಮಸ್ಕಾರ. ಅವನು ಪೇಪರ್ ತಂದರೆ ಕನ್ನಡಕ ಕಾಣ್ತಾ ಇಲ್ಲ ಅಂತ ಹೇಳು.

ನಿನ್ನ
ಸುಮಾ